ಇಲ್ಪೊನ ಬೆಚ್ಚನೆಯ ಮೂಲೆ

ಎಲ್ಲಕ್ಕೂ ಮೂಲ ಆ ಮೂಲೆಯೇ. ಇಲ್ಪೊನ ಮರದ ಚೌಕಟ್ಟಿನ ಮನೆಯಲ್ಲಿ ಎರಡು ಗೋಡೆ ಕೂಡುವಲ್ಲಿ, ಕಂಬಗಳ ನಡುವೆ, ಕಟ್ಟಿದವರು ಚಳಿ ತಡೆಯಲು ಏನನ್ನೂ ತುಂಬದೆ ಪೊಳ್ಳು ಬಿಟ್ಟಿದ್ದರು. ಅವನ ಹಾಸಿಗೆಯ ತಲೆದೆಸೆ ಅಲ್ಲೇ. ಬೆಚ್ಚನೆಯ ಕೋಣೆ ಸೋದರತ್ತೆ ಹಿಲ್ಮಾಳ ಪಾಲು. ಫಿನ್ಲೆಂಡಿನ ಜನವರಿಯಲ್ಲಿ ಇಲ್ಪೊ ದಿನಾ ಫ್ರೀಜರಿನಿಂದ ತೆಗೆದ ಮೀನಿನಂತೆ ಏಳುತ್ತಿದ್ದ. ಒಂದು ರಾತ್ರಿಯಾದರೂ ಬೆಚ್ಚಗೆ ಮಲಗಬೇಕು, ಅಷ್ಟೇ ಅವನಾಸೆ.

ಇದನ್ನು ಅಂಚೆ ಹಂಚುವ ಕೆರ್ತುಗೆ ಹೇಳಿದ್ದೇ ತಡ, ಶನಿವಾರ ಊರಿಗೂರೇ ಸುತ್ತಿಗೆ ಹಿಡಿದು ಬಂತು. ಇದಕ್ಕೆ ತಾಲ್ಕೋತ್ ಎನ್ನುತ್ತಾರೆ: ನೆರೆಯವರು ಬಿಟ್ಟಿ ದುಡಿಯುತ್ತಾರೆ; ಮನೆಯವನು ಬಟಾಣಿ ಸಾರು ಬಡಿಸಿ, ಮೈ ಬೆವರಿಸಲು ಸೌನಾ ಕೋಣೆ ಕಾಯಿಸಿಡಬೇಕು. ಕೆಲಸದಲ್ಲಿ ತಲೆ ಹಾಕುವಂತಿಲ್ಲ.

ಹೂಂಗುಟ್ಟುವುದನ್ನೂ ಉಸಿರು ಒಳಗೆಳೆದೇ ಮುಗಿಸುವ ಮುದಿ ಬಡಗಿ ಯಾಲ್ಮರಿ ಹಲಗೆ ಕಿತ್ತು ಒಳಗೆ ಕೈಯಿಟ್ಟ.

"ಏನಿದೆ?" ಎಂದ ಇಲ್ಪೊ.

"ಏನಿಲ್ಲ."

"ಅದೇ ತಾನೆ ತೊಂದ್ರೆ," ಎಂದಳು ಕೆರ್ತು. "ಆ ಕಡೆ ಮೂಲೇನೂ ಪೊಳ್ಳೇ ಇರುತ್ತೆ, ಅದನ್ನೂ ಬಿಚ್ಚಿ. ನೀನ್ಯಾಕೆ ಇಲ್ಲಿ ನಿಂತಿದ್ದೀಯ ಇಲ್ಪೊ? ಹೋಗು, ಸಾರು ತಳ ಹಿಡಿಯುತ್ತೆ."

ಅದಾಗಲೇ ಹಿಡಿದಿತ್ತು. ಅದನ್ನು ಕೆರೆಯುವ ಗಡಿಬಿಡಿಯಲ್ಲಿ ಸೌನಾದ ಹೊಗೆಗಿಂಡಿ ತೆರೆಯುವುದು ಮರೆತುಹೋಯಿತು. ಇಲ್ಪೊ ಅಲ್ಲಿಂದ ಕೆಮ್ಮುತ್ತಾ ಹೊರಬಂದಾಗ ಇದ್ದಿಲ ಮೂಟೆಗೆ ಕಣ್ಣು ಬಂದಂತಿತ್ತು.

"ಮನೆಗೆ ಬೆಂಕಿ ಇಟ್ಟೂ ಬೆಚ್ಚಗಾಗ್ಬಹುದು ಕಣೋ," ಎಂದಳು ಹಿಲ್ಮಾ ಕಿಟಕಿಯಿಂದ. "ಆದ್ರೆ ಒಂದೇ ಸಲ."

ಸಂಜೆಗೆ ಮೂಲೆ ಒಲೆಯಿಂದ ಇಳಿಸಿದ ಬ್ರೆಡ್ಡಿನಷ್ಟು ಹಿತವಾಗಿತ್ತು. ಇಲ್ಪೊನ ಕಣ್ಣು ತುಂಬಿತು. "ನಿಮ್ಮ ಋಣ ಹೇಗೆ ತೀರಿಸ್ಲಿ?"

"ನಿನ್ನ ಸಾರು ತಿಂದಿದ್ದೀವಲ್ಲ," ಎಂದಳು ಕೆರ್ತು. "ಇವತ್ತಿನ ಕಷ್ಟದ ಕೆಲಸ ಅದೊಂದೇ."

ನಗುತ್ತಲೇ ಎಲ್ಲರೂ ಚದುರಿದರು. ಇಲ್ಪೊ ತನ್ನ ಕೋಣೆಗೆ ಬಂದ. ಅವನ ಹಾಸಿಗೆಯಲ್ಲಿ ಹಿಲ್ಮಾ ಕಂಬಳಿ ಹೊದ್ದು ಮಲಗಿದ್ದಳು.

"ನನ್ನ ಕೋಣೆ ಯಾಕೋ ಕೊರೀತಾ ಇದೆ ಕಣೋ. ಚಳಿಗಾಲ ಕಳೆಯೋವರೆಗೂ ನಾನಿಲ್ಲೇ. ನೀನಲ್ಲಿ ಮಲ್ಕೊ."

ಇಲ್ಪೊ ಬಾಗಿಲಿಗೆ ಓಡಿದ. ಯಾಲ್ಮರಿ ಇನ್ನೂ ಬೂಟು ಕಟ್ಟುತ್ತಿದ್ದ.

"ಅತ್ತೆ ಕೋಣೆ ಯಾಕೆ ತಣ್ಣಗಾಯ್ತು, ಯಾಲ್ಮರಿ?"

"ಎರಡು ಮೂಲೆಗೆ ತುಂಬೋಕೆ ತಂದಿದ್ದ ನಾರು ಸಾಲ್ಲಿಲ್ಲ. ಸಾಲ್ದು ಅಂತ ಮನೆಯವನನ್ನ ಕೇಳೋದು ಚೆನ್ನಾಗಿರುತ್ತಾ? ಅವಳ ಕೋಣೆ ಅಟ್ಟದ ಮೇಲೆ ಅದೇ ನಾರು ದಪ್ಪಗೆ ಹಾಸಿತ್ತು. ಎಲ್ಲಾ ಎತ್ಕೊಂಡ್ಬಂದು ತುಂಬಿದ್ವಿ."

ಅಷ್ಟು ಮಾತನ್ನು ಅವನು ಆ ಚಳಿಗಾಲವಿಡೀ ಆಡಿರಲಿಲ್ಲ. ದಿನವೆಲ್ಲ ಬಾಗಿದ ಬೆನ್ನು, ಪಟ್ಟಿ ಸುತ್ತಿದ ಎರಡು ಬೆರಳು. ಇಲ್ಪೊ ಆ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ತುಂಬಾ ಉಪಕಾರವಾಯ್ತು," ಎಂದ. ನಿಜವಾಗಿಯೂ ಹಾಗೇ ಅನ್ನಿಸಿತ್ತು. ಆಮೇಲೆ ಉಣ್ಣೆ ಟೋಪಿ ಹುಡುಕಲು ಒಳಗೆ ಹೋದ.