ಟವಲ್ ಅಡಿಯ ದರ, ಲ್ಯಾಪ್‌ಟಾಪಿನ ಬೀಗ

ಗುಟ್ಟು ಕಾಯಲು ಬೀಗಕ್ಕಿಂತ ಬಾಯಿ ಮುಖ್ಯ ಎಂದು ತಿಳಿಯುವ ಹೊತ್ತಿಗೆ ಮನುಷ್ಯನ ಹಲ್ಲು ಉದುರಿರುತ್ತವೆ. ನನ್ನವೂ ಉದುರಿವೆ; ಬಾಯಿ ಮಾತ್ರ ನಿಂತಿಲ್ಲ. ಅದನ್ನು ಒಪ್ಪಿಕೊಳ್ಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಹೈಸ್ಕೂಲು ಮುಗಿಸಿದಂದಿನಿಂದ ನಾನು ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಗುಮಾಸ್ತ. ನಮ್ಮಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವಲ್ ಅಡಿಯಲ್ಲಿ ಕೈ ಹಿಡಿದು ಬೆರಳು ಒತ್ತಿ ತಿಳಿಸುತ್ತಾರೆ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗದು. ಎರಡು ಸಾವಿರದ ಇಸವಿ ದಾಟಿದ ಮೇಲೆ ಯಜಮಾನರು ಮುಳಬಾಗಿಲಿನಲ್ಲೂ ಒಂದು ಮಂಡಿ ತೆರೆದರು. ಅಲ್ಲಿಯವರೆಗೆ ಟವಲ್ ಎಟುಕುವುದಿಲ್ಲವಲ್ಲ! ಅವರ ಭಾಮೈದ ಒಂದು ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ವಿಪಿಎನ್ ಎಂಬುದನ್ನು ಕೂರಿಸಿಕೊಟ್ಟ. ಕಳಿಸುವ ಪ್ರತಿ ಅಕ್ಷರಕ್ಕೂ ಇಲ್ಲಿ ಬೀಗ ಹಾಕಿ ಅಲ್ಲಿ ತೆಗೆಯುವ ಏರ್ಪಾಡಂತೆ. "ಬೀಗ ಇಲ್ದೆ, ಸಣ್ಣ ಬೀಗ, ದೊಡ್ಡ ಬೀಗ, ಮೂರು ಥರಾನೂ ಕಳಿಸಿ ಎಷ್ಟೊತ್ತು ಹಿಡಿಯುತ್ತೆ ನೋಡಿ ಶಾಮಣ್ಣ. ತೀರಾ ನಿಧಾನ ಆದ್ರೆ ಹೊಸದು ತರೋಣ," ಎಂದು ಹೇಳಿ ಹೋದ.

ಮರುದಿನ ಮುಳಬಾಗಿಲಿನ ಕಡೆಯ ದೊಡ್ಡ ತೋಪೊಂದರ ಫಸಲು ಹರಾಜಿಗಿತ್ತು. ಕೂಗಬೇಕಾದವನು ಅಲ್ಲಿನ ಗುಮಾಸ್ತ ನಾರಾಯಣಪ್ಪ. ಎಷ್ಟರವರೆಗೆ ಏರಬಹುದೆಂದು ನಾನು ಗುಟ್ಟಾಗಿ ತಿಳಿಸಬೇಕು. ಅದು ಹೊರಬಿದ್ದರೆ ತೋಪೂ ಹೋಯಿತು, ನನ್ನ ಮೇಲಿನ ನಂಬಿಕೆಯೂ ಹೋಯಿತು.

ಮೊದಲು ತೋಪಿನ ಫೋಟೋಗಳನ್ನೇ ಕಳಿಸಿ ನೋಡಿದೆ. ಬೀಗವಿಲ್ಲದೆ, ನನ್ನ ಟೀ ಬಿಸಿಯಿರುವಾಗಲೇ ತಲುಪಿದವು. ಸಣ್ಣ ಬೀಗಕ್ಕೆ ಟೀ ಆರಿತು. ದೊಡ್ಡ ಬೀಗಕ್ಕೆ ಲ್ಯಾಪ್‌ಟಾಪಿನ ಫ್ಯಾನು ರಾಗಿ ಮಿಲ್ಲಿನಂತೆ ಮೊರೆಯಿತು, ಟೀ ಮೇಲೆ ಕೆನೆ ಕಟ್ಟಿತು, ಕರೆಂಟು ಹೋಯಿತೇ ಎಂದು ನಾರಾಯಣಪ್ಪ ಫೋನ್ ಮಾಡಿದ. ಪಾಪ, ಆ ಮುದಿ ಯಂತ್ರಕ್ಕೆ ನನ್ನಷ್ಟೇ ಮಿದುಳು. ಆದರೂ ಗುಟ್ಟು ದೊಡ್ಡದೆಂದು ದರವನ್ನೂ ಸೇರಿಸಿ ದೊಡ್ಡ ಬೀಗದಲ್ಲೇ ಕಳಿಸಿದೆ.

"ಬಂತು," ಎಂದ ನಾರಾಯಣಪ್ಪ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಲೆಕ್ಕದ ವಿಷಯದಲ್ಲಿ ಮಂಡಿ ಗುಮಾಸ್ತರ ಪದ್ಧತಿ ಎಂದರೆ, ಬರೆದದ್ದನ್ನು ಕೂಗಿ ಹೇಳಿ ತಾಳೆ ನೋಡುವುದು. ಬೀಗ ತೆಗೆಯುವಾಗ ಒಂದು ಸೊನ್ನೆ ಕಳಚಿ ಬಿದ್ದಿದ್ದರೆ? ಮೇಲಾಗಿ ನಾರಾಯಣಪ್ಪನಿಗೆ ಕಿವಿ ಮಂದ. ಫೋನಿನಲ್ಲಿ ದರವನ್ನು ಗಂಟಲು ಹರಿಯುವಂತೆ ಕೂಗಿದೆ. ಅವನಿಗೆ ಕೇಳಿಸಲಿಲ್ಲವೆಂದು ಮತ್ತೆ ಕೂಗಿದೆ. ಅಂಗಳದಲ್ಲಿದ್ದ ಯಲ್ದೂರಿನ ವ್ಯಾಪಾರಿಯೊಬ್ಬ ಕಿಟಕಿಗೆ ಬಂದು ವಿನಯದಿಂದ ಕೇಳಿದ:

"ಸಾಮೀ, ಕೊನೇ ಅಂಕಿ ಸರಿಯಾಗಿ ಕೇಳಿಸ್ಲಿಲ್ಲ."

ಮರುದಿನ ತೋಪು ಅವನ ಪಾಲಾಯಿತು, ನಮ್ಮ ದರಕ್ಕಿಂತ ಚೂರೇ ಚೂರು ಹೆಚ್ಚಿಗೆ.

ಯಜಮಾನರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಹೆಗಲ ಟವಲ್ ತೆಗೆದು ನನ್ನ ಕೈ ಮೇಲೆ ಹೊದಿಸಿ, ಅದರಡಿ ಕೈ ಹಿಡಿದರು. ಒಂದು ಬೆರಳನ್ನೂ ಒತ್ತಲಿಲ್ಲ. ಹಾಗೇ ಬಿಟ್ಟರು. ಇಷ್ಟು ಕಾಲದ ಗುಮಾಸ್ತಿಕೆಗೆ ಕಟ್ಟಿದ ದರ ಅದು. ನಮ್ಮಿಬ್ಬರಲ್ಲೇ ಇರಲೆಂದು ಪಾಪ ಟವಲ್ ಅಡಿಯಲ್ಲಿ ತಿಳಿಸಿದ್ದರು.

ನೋಡಿ, ಅದನ್ನೂ ನಿಮಗೆ ಹೇಳಿಬಿಟ್ಟೆ.