ಹನುಮಂತಪ್ಪನ ಕೆನ್ನೆ ವಿದೇಶಕ್ಕೆ ಹೋದದ್ದು

ವರದಿಗಾರನಾದವನು ಏನನ್ನೂ ಎರಡು ಸಲ ನೋಡದೆ ಕಳಿಸಬಾರದು. ಜಿಲ್ಲಾ ಪತ್ರಿಕೆಯೊಂದಕ್ಕೆ ಜಗಳೂರಿನಿಂದ ಸುದ್ದಿ ಕಳಿಸುತ್ತಿದ್ದ ನಾನು ಈ ನಿಯಮವನ್ನು ಹನ್ನೊಂದು ವರ್ಷ ತಪ್ಪದೆ ಪಾಲಿಸಿದ್ದೆ. ಹನ್ನೆರಡನೆಯ ವರ್ಷದಲ್ಲಿ ನಡೆದದ್ದನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ವರದಿ ಮಾಡುತ್ತಿದ್ದೇನೆ.

ಎಂಬತ್ತರ ದಶಕದ ಆರಂಭದ ಮಾತು. ನಮ್ಮ ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ತಿಪ್ಪೇಸ್ವಾಮಿಯವರು ಒಂದು ಬೆಳಿಗ್ಗೆ ನನ್ನನ್ನು ಕರೆಸಿಕೊಂಡರು. ಅವರ ಮುಂದೆ ಬೆಂಚಿನ ಮೇಲೆ ಹನುಮಂತಪ್ಪ ಎಂಬ ಕುರಿಗಾಹಿ ಕುಳಿತಿದ್ದ. ಅವನ ಎಡಗೆನ್ನೆಯ ಮೇಲೆ ರೂಪಾಯಿ ಅಗಲದ ಕಪ್ಪು ಹಕ್ಕಳೆ. ಸತ್ತ ಕುರಿಯ ಚರ್ಮ ಸುಲಿಯುವಾಗ ಕುರಿಯ ನೆರಡಿ ರೋಗ, ಡಾಕ್ಟರ ಭಾಷೆಯಲ್ಲಿ ಆಂಥ್ರಾಕ್ಸ್, ಅವನಿಗೇ ಅಂಟಿತ್ತು. ಡಾಕ್ಟರು ಅದನ್ನು ಮೈಕ್ರೋಸ್ಕೋಪಿನಲ್ಲಿ ಕಂಡುಹಿಡಿದು ಒಂದು ಲೇಖನ ಬರೆದಿದ್ದರು. ಸೋಂಕು ರೋಗಗಳ ಮೇಲೆ ಯುರೋಪಿನಲ್ಲಿ ನಡೆಯುವ ಅಂತರರಾಷ್ಟ್ರೀಯ ವಿಜ್ಞಾನ ಸಮ್ಮೇಳನ ಅದನ್ನು ಒಪ್ಪಿಕೊಂಡಿತ್ತು! ಡಾಕ್ಟರಿಗೆ ಹೋಗಲು ರಜೆ ಇರಲಿಲ್ಲ. ದಾವಣಗೆರೆಯಲ್ಲಿದ್ದ ಅವರ ಗುರುಗಳು, ಪ್ರೊಫೆಸರರು, ಲೇಖನವನ್ನು ಕೊಂಡೊಯ್ದು ಅಲ್ಲಿ ಹಲಗೆಗೆ ಅಂಟಿಸಲಿದ್ದರು. ಅದರ ಜೊತೆ ಫೋಟೋಗಳು ಬೇಕು.

"ವಿರೂಪಾಕ್ಷಪ್ನೋರೇ, ನಿಮ್ಮ ಹತ್ರ ಕ್ಯಾಮೆರಾ ಇದೆ. ಇವನ ಮುಖದ್ದು ಒಂದೆರಡು, ಮೈಕ್ರೋಸ್ಕೋಪಿಂದು ಒಂದೆರಡು. ಆಗುತ್ತಾ?" ಎಂದರು ಡಾಕ್ಟರು.

"ಮುಖ್ಯಮಂತ್ರಿಗಳನ್ನೇ ತೆಗೆದಿದ್ದೀನಿ ಸಾರ್," ಎಂದೆ. ಆ ಫೋಟೋದಲ್ಲಿ ಮುಖ್ಯಮಂತ್ರಿಗಳ ಕೈ ಮಾತ್ರ ಬಂದಿತ್ತು. ಅದನ್ನು ಹೇಳುವ ಅಗತ್ಯ ಕಾಣಲಿಲ್ಲ.

ಮೈಕ್ರೋಸ್ಕೋಪಿನ ಮೇಲೆ ಕ್ಯಾಮೆರಾ ಇಟ್ಟು, ಕಿಟಕಿಯ ಬಿಸಿಲನ್ನು ಕನ್ನಡಿಗೆ ಹಾಯಿಸಿ, ಡಾಕ್ಟರೂ ನಾನೂ ಉಸಿರು ಬಿಗಿಹಿಡಿದು ಎರಡು ಫೋಟೋ ತೆಗೆದೆವು. ರೋಗಾಣುಗಳು ಸಣ್ಣ ಸಣ್ಣ ಕಡ್ಡಿಗಳ ಹಾಗೆ ಸಾಲಾಗಿ ಕಾಣುತ್ತಿದ್ದವು. ಹನುಮಂತಪ್ಪನನ್ನೂ ಅಲ್ಲೇ ತೆಗೆಯಬಹುದಿತ್ತು. ಆದರೆ ಆಸ್ಪತ್ರೆಯ ಗೋಡೆಯ ತುಂಬ ಎಲೆಅಡಿಕೆ ಉಗುಳಿದ ಕಲೆ. ಪರದೇಶದ ವಿಜ್ಞಾನಿಗಳು ನಮ್ಮ ಊರಿನ ಬಗ್ಗೆ ಏನು ತಿಳಿದುಕೊಂಡಾರು? ಡಾಕ್ಟರು ರೌಂಡ್ಸಿಗೆ ಹೋದದ್ದೇ ತಡ, ಅವನನ್ನು ಬಸ್‌ಸ್ಟ್ಯಾಂಡಿನ ಎದುರಿನ ಗುರುಶಾಂತಪ್ಪನ ಸ್ಟುಡಿಯೋಕ್ಕೆ ಕರೆದುಕೊಂಡು ಹೋದೆ. ಮದುವೆ ಜೋಡಿಗಳನ್ನು ನಿಲ್ಲಿಸುವ ಪರದೆಯ ಮುಂದೆ ನಿಲ್ಲಿಸಿ ಮೂರು ಫೋಟೋ ತೆಗೆದೆ.

ಹನ್ನೆರಡು ಫೋಟೋದ ರೋಲಿನಲ್ಲಿ ಐದು ಮುಗಿದವು. ಇನ್ನು ಏಳು ಖಾಲಿ ಇರುವಾಗ ರೋಲನ್ನು ತೊಳೆಯಲು ಕೊಡುವುದುಂಟೆ? ಮುಂದಿನ ವಾರ ನೀರಿನ ಟ್ಯಾಂಕಿನ ಉದ್ಘಾಟನೆ ಇತ್ತು. ಅದು ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಡಾಕ್ಟರು ಕೇಳಿದಾಗಲೆಲ್ಲ "ಕೆಲಸ ಪ್ರಗತಿಯಲ್ಲಿದೆ ಸಾರ್" ಎನ್ನುತ್ತಿದ್ದೆ. ಆರನೆಯ ವಾರ ಟ್ಯಾಂಕಿನ ನಲ್ಲಿ ತಿರುಗಿತು. ನೀರು ಬರಲಿಲ್ಲ, ರೋಲು ಮುಗಿಯಿತು.

ರೋಲನ್ನು ಕೊಡುವಾಗ ಗುರುಶಾಂತಪ್ಪನಿಗೆ ಒಂದು ಮಾತು ಹೇಳಿದೆ. ಇಡೀ ಅನಾಹುತಕ್ಕೆ ಆ ಒಂದು ಮಾತೇ ಮೂಲ.

"ಗುರುಶಾಂತಪ್ಪ, ಇದರಾಗೆ ಐದು ಫೋಟೋ ವಿದೇಶಕ್ಕೆ ಹೋಗ್ತಾವೆ. ಊರಿನ ಮಾನದ ಪ್ರಶ್ನೆ. ನಿನ್ನ ಕೈಚಳಕ ಏನೈತೋ ಎಲ್ಲಾ ತೋರ್ಸು."

ಅವನ ಕಣ್ಣು ತುಂಬಿ ಬಂತು. ನಾನು ಮನೆಗೆ ಬಂದು 'ಜಗಳೂರಿನ ಛಾಯಾಚಿತ್ರಗಳು ವಿಶ್ವ ವೇದಿಕೆಗೆ' ಎಂದು ಸುದ್ದಿ ಬರೆದು ಕಳಿಸಿದೆ. ಫೋಟೋ ತೆಗೆದವರ ಹೆಸರು ಎರಡು ಕಡೆ ಬರುವಂತೆ ನೋಡಿಕೊಂಡಿದ್ದೆ. ಬುಧವಾರ ಅಚ್ಚಾಯಿತು.

ಗುರುವಾರ ಸ್ಟುಡಿಯೋದಿಂದ ಲಕೋಟೆ ಬಂತು. ಚೆನ್ನಾಗಿ ಅಂಟಿಸಿದ್ದರಿಂದ ಹರಿಯಲು ಮನಸ್ಸಾಗದೆ ನೇರವಾಗಿ ಡಾಕ್ಟರಿಗೆ ಕೊಟ್ಟೆ. ಅವರು ಬಿಚ್ಚಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದು ಯಾರ್ರೀ?"

"ಹನುಮಂತಪ್ಪ ಸಾರ್."

"ಏನಾಗಿದೆ ಇವನಿಗೆ?"

ಬಗ್ಗಿ ನೋಡಿದೆ. ಏನೂ ಆಗಿರಲಿಲ್ಲ! ಹನುಮಂತಪ್ಪನ ಕೆನ್ನೆ ಬೆಣ್ಣೆಯ ಹಾಗೆ ಹೊಳೆಯುತ್ತಿತ್ತು. ಹಣೆಯ ಸುಕ್ಕು ಕೂಡ ಮಾಯವಾಗಿ, ಹೆಣ್ಣು ನೋಡಲು ಹೊರಟವನ ಹಾಗಿದ್ದ. ಮೈಕ್ರೋಸ್ಕೋಪಿನ ಫೋಟೋದಲ್ಲಿ ಒಂದು ಬಿಳಿಯ ವೃತ್ತವಿತ್ತು. ಹುಣ್ಣಿಮೆಯ ಚಂದ್ರ. ಚಂದ್ರನಲ್ಲಾದರೂ ಒಂದು ಕಲೆ ಇರುತ್ತದೆ.

ಡಾಕ್ಟರು ಕೂಗಾಡುವವರಲ್ಲ. ಮೆಲ್ಲಗೆ ಹೇಳಿದರು: "ಶನಿವಾರ ಸಂಜೆ ಪ್ರೊಫೆಸರ್ ರೈಲು ಹತ್ತುತ್ತಾರೆ. ಹತ್ತು ವರ್ಷದಿಂದ ಈ ಒಂದು ಅವಕಾಶಕ್ಕೆ ಕಾದಿದ್ದೆ ವಿರೂಪಾಕ್ಷಪ್ನೋರೇ." ಅವರು ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಸ್ಟುಡಿಯೋಕ್ಕೆ ಓಡಿದೆ. ಗುರುಶಾಂತಪ್ಪ ಹಾರ ಹಾಕಿಸಿಕೊಳ್ಳಲು ತಯಾರಾದವನ ಹಾಗೆ ನಿಂತಿದ್ದ.

"ಹೆಂಗೈತೆ ಸಾರ್ ಟಚಿಂಗು? ಪಾಪ, ಮುಖದ ಮ್ಯಾಲೆ ಎಷ್ಟು ದೊಡ್ಡ ಕಲೆ! ಸಣ್ಣ ಪೆನ್ಸಿಲ್ ಹಿಡ್ಕೊಂಡು ನೆಗೆಟಿವ್ ಮ್ಯಾಲೆ ಒಂದು ದಿನ ಕೂತೆ. ಆಮ್ಯಾಲೆ ಆ ಎರಡು ಫೋಟೋ ಇದ್ವಲ್ಲ, ಅವಕ್ಕೆ ಬರೀ ಗೀರು ಬಿದ್ದಿದ್ವು. ನಿಮ್ಮ ಕ್ಯಾಮೆರಾ ಸರಿ ಇಲ್ಲ ಸಾರ್. ಒಂದೊಂದೇ ಗೀರು ಮುಚ್ಚಿದೆ. ಕಣ್ಣು ಹೋದ್ವು!"

"ಅವು ಗೀರಲ್ಲಪ್ಪಾ, ರೋಗಾಣು!"

"ಹಂಗಾದ್ರೆ ಒಳ್ಳೇದೇ ಆತಲ್ಲ ಸಾರ್, ಹೋದ್ವು."

ಅದೇ ರೋಲಿನಲ್ಲಿ ಟ್ಯಾಂಕ್ ಉದ್ಘಾಟಿಸಿದ ಪಂಚಾಯಿತಿ ಅಧ್ಯಕ್ಷರ ಮೂಗಿನ ಮೇಲಿನ ನರಹುಲಿ ಮಾತ್ರ ಸ್ಪಷ್ಟವಾಗಿ ಬಂದಿತ್ತು. ಕೇಳಿದ್ದಕ್ಕೆ, "ಅದು ಲೋಕಲ್ ಅಲ್ವಾ ಸಾರ್," ಎಂದ.

ಅವನು ಇನ್ನೂ ಏನೋ ಹೇಳಲು ಬಾಯಿ ತೆರೆದ. ನನಗೆ ಕೇಳಲು ವ್ಯವಧಾನವಿರಲಿಲ್ಲ. ಹನುಮಂತಪ್ಪನನ್ನು ಹಿಡಿದು ಮತ್ತೆ ಫೋಟೋ ತೆಗೆಯುವುದೊಂದೇ ದಾರಿ. ಅವನ ಹಟ್ಟಿಗೆ ಹೋದರೆ, ಗದ್ದೆಗೆ ಗೊಬ್ಬರವಾಗಲೆಂದು ಕುರಿ ನಿಲ್ಲಿಸಲು ಮಂದೆ ಹೊಡೆದುಕೊಂಡು ಹೊನ್ನಾಳಿ ಕಡೆ ಹೋಗಿದ್ದಾನೆಂದು ತಿಳಿದುಬಂತು. ದಾವಣಗೆರೆ ಬಸ್ಸು, ಅಲ್ಲಿಂದ ಹೊನ್ನಾಳಿ ಬಸ್ಸು. ಶುಕ್ರವಾರ ಬೆಳಿಗ್ಗೆ ತುಂಗಭದ್ರೆಯ ದಂಡೆಯ ಗದ್ದೆ ಬಯಲುಗಳಲ್ಲಿ, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು, ಕಂಡ ಕುರಿಮಂದೆಯನ್ನೆಲ್ಲ ವಿಚಾರಿಸುತ್ತ ನಡೆದೆ. ಏಳನೆಯ ಮಂದೆಯಲ್ಲಿ ಸಿಕ್ಕಿದ. ಕಂಬಳಿ ಹೊದ್ದು ರೊಟ್ಟಿ ತಿನ್ನುತ್ತಿದ್ದ.

ಹತ್ತಿರ ಹೋಗಿ ಎಡಗೆನ್ನೆ ನೋಡಿದೆ. ವಾಸಿಯಾಗಿತ್ತು!

"ಹನುಮಂತಪ್ಪ, ಗಾಯ ಒಂದ್ಚೂರೂ ಉಳಿದಿಲ್ವಾ?"

"ಇಲ್ರೀ ಸಾಹೇಬ್ರೆ. ಡಾಕ್ಟ್ರು ಇಂಜೆಕ್ಷನ್ ಕೊಟ್ರು, ಹಕ್ಕಳೆ ಉದುರಿ ಹೋತು."

"ಪೂರ್ತಿ ಹೋತಾ? ಇನ್ನೊಂದು ಸಲ ನೋಡ್ಕೋ."

ಅವನಿಗೆ ನನ್ನ ಮುಖ ನೋಡಿ ಕನಿಕರ ಹುಟ್ಟಿತು. "ಬೇಕಿತ್ತು ಅಂತ ಮೊದ್ಲೇ ಹೇಳಿದ್ರೆ ಒಂದೀಟು ಉಳಿಸ್ಕೊಂತಿದ್ದೆ. ಈಗೇನು ಮಾಡಾಕೆ ಬರತೈತ್ರೀ? ಬರ್ರಿ, ರೊಟ್ಟಿ ತಿನ್ರಿ."

ತಿಂದೆ. ಬೇರೆ ಕೆಲಸವಿರಲಿಲ್ಲ.

ಶುಕ್ರವಾರ ಸಂಜೆ ಮನೆ ಸೇರಿದಾಗ ನನ್ನ ಹೆಂಡತಿ ಸರೋಜ ಬಾಗಿಲಲ್ಲೇ ಕೇಳಿದಳು: "ಎಲ್ಲಿಗೆ ಹೋಗಿದ್ರಿ? ಗುರುಶಾಂತಪ್ಪ ಮೂರು ಸಲ ಬಂದಿದ್ದ."

"ಆ ಪುಣ್ಯಾತ್ಮನ ಹೆಸರು ಹೇಳಬೇಡ. ಪೆನ್ಸಿಲ್ ತಗೊಂಡು ಡಾಕ್ಟರ ಹತ್ತು ವರ್ಷ ಅಳಿಸಿಬಿಟ್ಟ."

ಎಲ್ಲವನ್ನೂ ವಿವರವಾಗಿ ಹೇಳಿದೆ. ಅಕ್ಕಿ ಆರಿಸುತ್ತಿದ್ದ ಸರೋಜ ಮೊರದಿಂದ ತಲೆ ಎತ್ತಲೂ ಇಲ್ಲ.

"ಪೆನ್ಸಿಲಲ್ಲಿ ಬರೆದದ್ದು ಒರೆಸಿದ್ರೆ ಹೋಗಲ್ವೇನ್ರೀ?"

ಹನ್ನೊಂದು ವರ್ಷದ ಅನುಭವವಿರುವ ವರದಿಗಾರ ಮತ್ತೆ ಚಪ್ಪಲಿ ಮೆಟ್ಟಿದ.

"ಹೋಗತೈತೆ ಸಾರ್," ಎಂದ ಗುರುಶಾಂತಪ್ಪ. "ಹತ್ತಿಗೆ ಒಂದೆರಡು ಹನಿ ಟರ್ಪೆಂಟೈನ್ ಹಾಕಿ ಒರೆಸಿದ್ರೆ ಮೊದಲಿನಂಗೇ ಆಗತೈತೆ. ಅವತ್ತೇ ಹೇಳಾಕೆ ಬಂದೆ. ನೀವು ಓಡಿದ್ರಿ. ಮನೀಗೆ ಬಂದೆ. ನೀವು ಹೊನ್ನಾಳಿಗೆ ಹೋಗಿದ್ರಿ."

ಶನಿವಾರ ಬೆಳಿಗ್ಗೆ ಸ್ಟುಡಿಯೋದ ಮೇಜಿನ ಮೇಲೆ ಡಾಕ್ಟರೇ ಹತ್ತಿ ಹಿಡಿದು ಕುಳಿತರು. ಒರೆಸಿದ ನೆಗೆಟಿವ್‌ನಿಂದ ಗುರುಶಾಂತಪ್ಪ ಕತ್ತಲೆ ಕೋಣೆಯಲ್ಲಿ ಹೊಸ ಫೋಟೋ ಮಾಡಿ ತಂದ. ಹನುಮಂತಪ್ಪನ ಕೆನ್ನೆಯ ಮೇಲೆ ಹಕ್ಕಳೆ ಕಪ್ಪಗೆ, ದಿವ್ಯವಾಗಿ ಕುಳಿತಿತ್ತು. ಎರಡನೆಯದರಲ್ಲಿ ಕಡ್ಡಿಗಳು ಸಾಲುಸಾಲಾಗಿ ಮರಳಿದ್ದವು.

"ಬಂತು! ರೋಗ ವಾಪಸ್ ಬಂತು!" ಎಂದು ಡಾಕ್ಟರು ನನ್ನ ಕೈ ಕುಲುಕಿದರು. ಹೊರಗೆ ಪಾಸ್‌ಪೋರ್ಟ್ ಫೋಟೋಗೆ ಕಾದಿದ್ದ ಇಬ್ಬರು ಎದ್ದು ಹೋದರು.

ಫೋಟೋಗಳು ಒದ್ದೆ. ಬಸ್ಸಿಗೆ ಅರ್ಧ ಗಂಟೆ. ನಮ್ಮ ಮನೆಯಂಗಳದಲ್ಲಿ ಸರೋಜಳ ಸೀರೆಗಳ ನಡುವೆ ಹಗ್ಗಕ್ಕೆ ನೇತುಹಾಕಿ, ಬೀಸಣಿಗೆಯಿಂದ ಗಾಳಿ ಹಾಕಿ ಒಣಗಿಸಿದೆವು. ಪಕ್ಕದ ಮನೆಯ ಗೌರಮ್ಮನವರು ಇಣುಕಿ, "ಸರೋಜಾ, ಇವ್ರು ನಿಮ್ಮ ಕಡೆ ನೆಂಟ್ರಾ?" ಎಂದು ಕೇಳಿದರು. ಒಣಗಿದ್ದನ್ನು ಹಿಡಿದು ಬಸ್ಸಿಗೆ ಓಡಿದೆ. ಪ್ರೊಫೆಸರರ ರೈಲು ಅಲುಗುವ ಮೊದಲು ಲಕೋಟೆ ಅವರ ಕೈ ಸೇರಿತು. ಈ ಬಾರಿ ಅಂಟಿಸಿರಲಿಲ್ಲ. ದಾರಿಯುದ್ದಕ್ಕೂ ಹನ್ನೆರಡು ಸಲ ತೆಗೆದು ರೋಗ ಇದೆಯೇ ಎಂದು ನೋಡಿದ್ದೆ.

ಎರಡು ತಿಂಗಳ ಮೇಲೆ ಡಾಕ್ಟರಿಗೆ ಯುರೋಪಿನಿಂದ ಸಮ್ಮೇಳನ ನಡೆಸಿದವರ ಕಾಗದ ಬಂತು. ಹಲಗೆಯ ಮುಂದೆ ಜನ ನಿಂತು ಓದಿದರಂತೆ, ಟಿಪ್ಪಣಿ ಮಾಡಿಕೊಂಡರಂತೆ. ಡಾಕ್ಟರ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ. ಕೊನೆಯ ಸಾಲಿಗೆ ಬಂದಾಗ ಮಾತ್ರ ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ವಿರೂಪಾಕ್ಷಪ್ನೋರೇ, ಒಬ್ಬ ವಿಜ್ಞಾನಿ ಕೇಳಿದ್ದಾರೆ. ಸೋಂಕು ಕುರಿಯಿಂದಲೇ ಬಂತು ಅಂತ ಹೇಗೆ ಹೇಳ್ತೀರಿ? ರೋಗಿ ವಾಸಿಸುವ ಸರೋವರದ ಹಂಸಗಳನ್ನೂ ಪರೀಕ್ಷೆ ಮಾಡಿದ್ದೀರಾ ಅಂತ."

"ಯಾವ ಸರೋವರ ಸಾರ್?"

ಅವರು ಫೋಟೋದ ಪ್ರತಿಯನ್ನು ಮುಂದಿಟ್ಟರು. ಹಕ್ಕಳೆ ಇದೆಯೇ ಇಲ್ಲವೇ ಎಂದು ಅಷ್ಟು ಸಲ ನೋಡಿದ ನಾನು ಕೆನ್ನೆ ಬಿಟ್ಟು ಆಚೆ ನೋಡಿಯೇ ಇರಲಿಲ್ಲ. ಹನುಮಂತಪ್ಪನ ಹಿಂದೆ, ಗುರುಶಾಂತಪ್ಪನ ಮದುವೆ ಪರದೆಯ ಮೇಲೆ, ತುಂಬಿ ತುಳುಕುವ ಸರೋವರ. ಅಮೃತಶಿಲೆಯ ಮೆಟ್ಟಿಲು. ಕತ್ತು ಕೊಂಕಿಸಿ ತೇಲುವ ಎರಡು ಹಂಸ. ಕುಡಿಯಲು ಎರಡು ದಿನಕ್ಕೊಮ್ಮೆ ನೀರು ಬಿಡುವ ನಮ್ಮ ಜಗಳೂರಿನಲ್ಲಿ!

"ಇದಕ್ಕೆ ಉತ್ತರ ನೀವೇ ಬರೀರಿ," ಎಂದು ಡಾಕ್ಟರು ಪೆನ್ನು ಕೊಟ್ಟರು.

ನಾನು ಬರೆದೆ. ಡಾಕ್ಟರು ಇಂಗ್ಲಿಷಿಗೆ ತಿರುಗಿಸಿದರು: "ಹಂಸಗಳು ಬಟ್ಟೆಯ ಮೇಲಿವೆ. ಖುದ್ದಾಗಿ ಹೋಗಿ ನೋಡಿ ಬಂದಿದ್ದೇನೆ. ಎರಡೂ ಆರೋಗ್ಯವಾಗಿವೆ."

ವಿದೇಶಕ್ಕೆ ಹೋದ ನನ್ನ ವರದಿ ಅದೊಂದೇ. ಎರಡು ಸಲ ನೋಡಿ ಕಳಿಸಿದ ವರದಿ ಕೂಡ, ಆ ವರ್ಷ, ಅದೊಂದೇ.