ರೊಟ್ಟಿ ಮನೆಗೆ ಮೊಬೈಲ್ ಬಂದದ್ದು

"ಅಕ್ಷರ ಬರದಾಕಿಗೆ ಮೊಬೈಲ್ ಯಾಕ? ತಿಂಗಳದಾಗ ಮೂಲಿಗೆ ಬೀಳ್ತದ ನೋಡ್ರಿ" ಎಂದವರು ನಮ್ಮ ಭಾವ. ರೊಟ್ಟಿ ಕಟ್ಟುವ ಹಳೇ ಪೇಪರಿನಿಂದ ಮರಾಠಿ, ಊರಿಂದ ಬರುವ ಬಸ್ಸಿನ ಬೋರ್ಡಿನಿಂದ ಕನ್ನಡ ಓದಲು ನಾನು ಕಲಿತದ್ದು ಅವರಿಗೆ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ಪುಣೆಯಲ್ಲಿ ಜೋಳದ ರೊಟ್ಟಿ ಮಾರುತ್ತಿದ್ದ ನನಗೆ ಆಗ ಒಂದೇ ಹಟ: ಹಡಪಸರದ ಕಾರ್ಖಾನೆಯೊಂದರ ಕ್ಯಾಂಟೀನಿಗೆ ದಿನವೂ ರೊಟ್ಟಿ ಕೊಡುವ ಆರ್ಡರ್ ನನಗೇ ಸಿಗಬೇಕು. ಅಲ್ಲಿನ ಮ್ಯಾನೇಜರು ಬೆಳಗಾವಿ ಕಡೆಯವರು. "ಮೊದ್ಲ ಫೋನ್ ತಗೋರಿ ಅಕ್ಕಾರ, ಆಮ್ಯಾಲ ಮಾತಾಡೋಣು" ಎಂದಿದ್ದರು. ಫೋನ್ ತಗೊಂಡೆ. ಆಮೇಲೆ ಒಂದಲ್ಲ ಒಂದು ಫಜೀತಿ ತಪ್ಪಲಿಲ್ಲ.

೧. ಯಾವುದು ಬೇಕು?

ಮೊಬೈಲ್ ಅಂಗಡಿಯವನು ಮರಾಠಿಯಲ್ಲಿ ಸಮಾಧಾನವಾಗಿ ತಿಳಿಸಿದ: "ಪ್ರೀಪೇಡ್ ಅಂದರೆ ಮೊದಲು ದುಡ್ಡು, ಆಮೇಲೆ ಮಾತು. ಪೋಸ್ಟ್‌ಪೇಡ್ ಅಂದರೆ ಮೊದಲು ಮಾತು, ತಿಂಗಳಾದ ಮೇಲೆ ಬಿಲ್ಲು."

"ನನ್ನ ಗಿರಾಕಿಗಳೆಲ್ಲ ಪೋಸ್ಟ್‌ಪೇಡೇ. ನಾನಾದರೂ ಪ್ರೀಪೇಡ್ ಇರುತ್ತೇನೆ, ಕೊಡು" ಎಂದೆ.

೨. ಪುಕ್ಕಟೆ ಮಾತು

ಕಾಲ್ ಮಾಡಿದರೆ ದುಡ್ಡು, ಮಿಸ್ಡ್ ಕಾಲ್ ಪುಕ್ಕಟೆ. ಗಿರಾಕಿಗಳ ಜೊತೆ ಮಾತಾಯಿತು: ಒಂದು ಮಿಸ್ಡ್ ಕಾಲ್ ಕೊಟ್ಟರೆ ಹತ್ತು ರೊಟ್ಟಿ. ಕಟ್ಟಡದ ಮೇಸ್ತ್ರಿಯೊಬ್ಬರು ಒಂದು ಕೊಟ್ಟರು. ಮುಟ್ಟಿತೋ ಇಲ್ಲವೋ ಎಂದು ಮತ್ತೆ ಐದು ಕೊಟ್ಟರು. ಅರವತ್ತು ರೊಟ್ಟಿ ಹೊತ್ತುಕೊಂಡು ಹೋದೆ.

"ಅಕ್ಕಾರ, ಹತ್ತ ಹೇಳಿದ್ನೆಲ್ರೀ!"

"ಹೌದ್ರಿ. ಆರು ಸಲ ಹೇಳಿದ್ರಿ."

ಮರುದಿನದಿಂದ ಅವರು ಫೋನನ್ನು ಜೇಬಿನಲ್ಲಿಟ್ಟುಕೊಂಡು, ನಡೆದೇ ಬಂದು ಆರ್ಡರ್ ಹೇಳುತ್ತಿದ್ದರು.

೩. ದುಡ್ಡಿದೆ, ಮಾತಿಲ್ಲ

ಒಂದು ದಿನ ಫೋನ್ ಸುಮ್ಮನಾಯಿತು. ಕಾಲ್ ಹೋಗುವುದಿಲ್ಲ, ಬರುವುದೂ ಇಲ್ಲ. ಅಂಗಡಿಯವನು ನೋಡಿ, "ಬ್ಯಾಲೆನ್ಸ್ ಇದೆ, ವ್ಯಾಲಿಡಿಟಿ ಮುಗಿದಿದೆ" ಎಂದ. "ಡಬ್ಬಿ ತುಂಬ ಹಿಟ್ಟಿದೆ, ಅಮಾವಾಸ್ಯೆ ಬಂತು, ರೊಟ್ಟಿ ಬಡಿಯಬೇಡ ಅಂದ ಹಾಗಾಯಿತು!" ಎಂದು ಜಗಳವಾಡಿ ರೀಚಾರ್ಜ್ ಮಾಡಿಸಿದೆ.

ಮ್ಯಾನೇಜರು ಆ ಹೊತ್ತಿನಲ್ಲೇ ಫೋನ್ ಮಾಡಿ ಸೋತಿದ್ದರಂತೆ. "ಹಿಂಗ ಸಾಯೋ ಫೋನ್ ನಂಬಿ ನಾ ಕೆಲಸಗಾರರಿಗೆ ಏನ್ ಬಡಸಲಿ? ಬಿಲ್ ಬರೋ ಫೋನ್ ಮಾಡಿಸ್ರಿ, ಆರ್ಡರ್ ನಿಮ್ದು" ಎಂದರು.

೪. ಏಳು ಮನೆಯಾಕೆ

ಪೋಸ್ಟ್‌ಪೇಡ್‌ಗೆ ಅರ್ಜಿ ಹಾಕಿದರೆ, ವಿಳಾಸ ಖರೆಯೋ ಸುಳ್ಳೋ ನೋಡಲು ಕಂಪನಿಯವನು ಮನೆಗೆ ಬರುತ್ತಾನೆ. ಅವನು ಬಂದಾಗ ನಾನು ರೊಟ್ಟಿ ಕೊಡಲು ಹೋಗಿದ್ದೆ. ಇಸ್ತ್ರಿ ಅಂಗಿ, ಬಗಲಲ್ಲಿ ಫೈಲು. ನಮ್ಮ ಓಣಿಯವರೆಲ್ಲ ಗಾರೆ ಕೆಲಸಕ್ಕೆ ಬಂದ ನಮ್ಮ ಕಡೆಯವರು. ಅಂಥವನೊಬ್ಬ ಹೆಸರು ಹಿಡಿದು ಕೇಳಿದರೆ ಅವರು ಕೊಡುವ ಉತ್ತರ ಒಂದೇ: "ಅಂಥಾಕಿ ಇಲ್ಲಿ ಯಾರೂ ಇಲ್ರಿ."

ಸಂಜೆ ಪಕ್ಕದ ಮನೆಯಾಕೆ ಎದೆಯುಬ್ಬಿಸಿ ಹೇಳಿದಳು: "ಅಕ್ಕಾ, ಸಾಲ ವಸೂಲಿಯಂವ ಬಂದಿದ್ದ. ಅಂಜಬ್ಯಾಡ, ಅಟ್ಟಿಬಿಟ್ಟೀವಿ!"

ಹಣೆ ಚಚ್ಚಿಕೊಂಡು ಇನ್ನೊಂದು ಅರ್ಜಿ ಹಾಕಿದೆ. ಮನೆ ಮನೆಗೆ ಹೋಗಿ, "ಈ ಸಲ ಕೇಳಿದ್ರ ಇಲ್ಲೇ ಇರ್ತಾಳ ಅನ್ರಿ" ಎಂದು ಬೇಡಿಕೊಂಡು ಕೆಲಸಕ್ಕೆ ಹೋದೆ.

ಅವನು ಮೊದಲ ಮನೆಯಲ್ಲಿ ಕೇಳಿದ. "ಹೌದ್ರಿ, ಇಲ್ಲೇ, ನಮ್ಮ ಮನ್ಯಾಗ ಇರ್ತಾಳ." ಎರಡನೆಯ ಮನೆಯಾಕೆ, "ಆಕಿ ಮಾತ ಕೇಳಬ್ಯಾಡ್ರಿ, ನಮ್ಮ ಮನ್ಯಾಗ ಇರ್ತಾಳ!" ಮೂರನೆಯ ಮನೆಯ ಅಜ್ಜಿ, "ಆಕಿ ನನ್ನ ಸೊಸಿ" ಎಂದು ತನ್ನ ಮನೆಯ ಹಾಸಿಗೆಯನ್ನೇ ನನ್ನದೆಂದು ತೋರಿಸಿದಳಂತೆ. ಏಳು ಮನೆಯಲ್ಲಿ ಏಳು ಕಪ್ ಚಹಾ ಕುಡಿದ ಮೇಲೆ ಅವನು ಅರ್ಜಿಗೆ ಕಾಟು ಹೊಡೆದ.

ಆರ್ಡರ್ ಕೈಬಿಟ್ಟಿತೆಂದುಕೊಂಡೇ ಹೋಗಿ ಮ್ಯಾನೇಜರಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

"ರೊಟ್ಟಿ ಕೊಡ್ತೀವಂತ ಬಂದ ಒಂದ ಮನಿ ಇದ್ದೋರು ಕೈಕೊಟ್ಟು ಓಡಿಹೋಗ್ಯಾರ್ರಿ. ಏಳು ಮನಿಯಾಗ ಇರೋರು ನೀವು ಎಲ್ಲಿ ಓಡ್ತೀರಿ? ನಾಳಿಂದ ರೊಟ್ಟಿ ಕಳಸ್ರಿ!"

ಈಗ ಶಟರ್ ಇರುವ ಒಂದು ರೊಟ್ಟಿ ಅಂಗಡಿ ನನ್ನ ಹೆಸರಿನಲ್ಲೇ ಇದೆ. ನಂಬರ್ ಇನ್ನೂ ಪ್ರೀಪೇಡೇ. ಅಂಗಡಿ ಹಿಡಿಯಲು ಮಾರಿದ್ದು ತವರಿನವರು ಕೊಟ್ಟ ನಾಲ್ಕು ಬಂಗಾರದ ಬಳೆ. ಅವು ಇದ್ದಿದ್ದರೂ, ರೊಟ್ಟಿ ಬಡಿದು ದಪ್ಪಗಾದ ಈ ಕೈಗೆ ಏರುತ್ತಿರಲಿಲ್ಲ.